ಹದಿನಾಲ್ಕು ಪಾಯಿಂಟ್ ಒಂದು

ಜೂನ್ 3, ಸೋಮವಾರ. ಬೆಳಿಗ್ಗೆ 8.40

ಮೂರು ಮೇಲ್ದವಡೆ, ಎರಡು ಕೆಳದವಡೆ. ಹಲ್ಲಿನ ಅಚ್ಚು ಐದಕ್ಕೂ ಪ್ಲಾಸ್ಟರ್ ಹುಯ್ದಾಯಿತು. ಗಟ್ಟಿಯಾಗಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಬರೆದು ಮುಗಿಸಬೇಕು.

ಯಜಮಾನರು ಇನ್ನೂ ಬಂದಿಲ್ಲ. ಬಂದರೆ ಮೊದಲು ನನ್ನ ಅಚ್ಚುಗಳನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಉಳಿದಿಬ್ಬರು ಕೆಲಸಗಾರರದ್ದನ್ನು ಮುಟ್ಟುವುದೂ ಇಲ್ಲ. ಎರಡು ವರ್ಷದಿಂದ ನೋಡುತ್ತಿದ್ದೇನೆ. ಯಾಕೆ ನನ್ನದು ಮಾತ್ರ? ಕೇಳಿದರೆ ನಗುತ್ತಾರೆ. ಮೂವತ್ತು ವರ್ಷದಿಂದ ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟವರು, ಅವರಿಗೇ ಮುಂದಿನ ಎರಡು ಹಲ್ಲಿಲ್ಲ. ಬೆನ್ನ ಹಿಂದೆ ನಾವು ‘ದವಡೆ’ ಅನ್ನುತ್ತೇವೆ. ಅವರಿಗೆ ಗೊತ್ತು ಅಂತ ನನ್ನ ಗುಮಾನಿ.

ಕಾಲೇಜಿನ ಅರ್ಜಿ ಬಂತು. ಹಲ್ಲು ಕಟ್ಟುವುದನ್ನು ಕ್ರಮವಾಗಿ ಕಲಿಸುವ ಕೋರ್ಸು, ಎರಡು ವರ್ಷದ್ದು. ಆರು ಕಾಲಂ ಸಲೀಸಾಗಿ ತುಂಬಿದೆ. ಏಳನೆಯದರಲ್ಲಿ ಪೆನ್ನು ನಿಂತಿತು.

“ಯಾವುದೇ ವಿಷಯದಲ್ಲಿ ಸಿ ಗಿಂತ ಕಡಿಮೆ ಗ್ರೇಡ್ ಇದ್ದಲ್ಲಿ ಕಾರಣ ವಿವರಿಸಿ. ಇನ್ನೂರು ಪದ ಮೀರಬಾರದು. ವಿಷಯ ಕಲಿಸಿದ ಶಿಕ್ಷಕರ ಸಹಿ ಕಡ್ಡಾಯ.”

ನನಗೆ ಇರುವುದು ಒಂದೇ. ಕೆಮಿಸ್ಟ್ರಿ ಪ್ರಾಕ್ಟಿಕಲ್. ಇ.

ಎ, ಬಿ, ಸಿ, ಡಿ ಆದಮೇಲೆ ಬರುವ ಇ. ಕೊನೆ ದಿನ 24.

ಜೂನ್ 4, ಮಂಗಳವಾರ. ಸಂಜೆ

ಫಾರಂ ಜೆರಾಕ್ಸ್ ಮಾಡಿಸಲು ಹೋದೆ. ಅಂಗಡಿಯವನು ಏಳನೇ ಕಾಲಂ ನೋಡಿದ ಕೂಡಲೇ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆಗೆದ. ಹೆಸರೇ ‘ಕಾರಣ’.

“ಟೈಫಾಯ್ಡ್ ಖಾಲಿ. ಈ ವರ್ಷ ಎಲ್ಲರೂ ಅದನ್ನೇ ಹಾಕಿದಾರೆ, ಇನ್ನು ನಂಬಲ್ಲ. ಕಾಮಾಲೆ ಕೊಡಲಾ? ಅಪ್ಪನ ಆಕ್ಸಿಡೆಂಟ್ ಒಂದಿದೆ, ಓದಿದವರು ಅತ್ತೇಬಿಡಬೇಕು, ಹಂಗಿದೆ.”

“ನನಗೆ ಕಾಯಿಲೆ ಇರಲಿಲ್ಲ.”

“ಯಾರಿಗಮ್ಮ ಇತ್ತು?”

ಮನೆಗೆ ಬಂದು ಹೇಳಿದರೆ ಅಣ್ಣ ಬಿದ್ದು ಬಿದ್ದು ನಕ್ಕ. ಆಮೇಲೆ ಗಂಭೀರವಾಗಿ, “ಅಜ್ಜಿ ತೀರಿಕೊಂಡ್ರು ಅಂತ ಹಾಕು. ಯಾರು ಬಂದು ನೋಡ್ತಾರೆ” ಅಂದ. ಅಜ್ಜಿ ಅಲ್ಲೇ ಕೂತಿದ್ದಳು.

“ಹಾಕ್ಕೊಳ್ಳೇ ಪುಟ್ಟಿ” ಅಂದಳು. “ಕಾಗದದ ಮೇಲೆ ಸತ್ರೆ ನಂಗೇನು ನೋವಾಗುತ್ತಾ? ಒಂದೇ ಮಾತು, ಒಳ್ಳೆ ದಿನ ನೋಡಿ ಸಾಯಿಸು.”

ಅಮ್ಮ ನಗಲಿಲ್ಲ. “ಏನಾದರೂ ಒಂದು ಬರಿ. ಆ ಶಾಲೆ ವಿಷಯ ಮತ್ತೆ ಕೆದಕಬೇಡ” ಅಂದಳು. ಅಜ್ಜಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಇನ್ನೂ ಊಟ ಮುಗಿಸಿರಲಿಲ್ಲ... ಯಾಕೆ ಎತ್ತಿದಳು?

ಜೂನ್ 6, ಗುರುವಾರ. ಮಧ್ಯಾಹ್ನ ಊಟದ ಹೊತ್ತು

ಬರೆದೇ ಬಿಟ್ಟೆ. ನಡೆದದ್ದು ನಡೆದ ಹಾಗೆ. ಇಲ್ಲೂ ಒಂದು ಸಲ ಬರೆದಿಡುತ್ತೇನೆ.

ಮೂರು ವರ್ಷದ ಹಿಂದೆ. ಕೊನೇ ತರಗತಿಯ ಪ್ರಾಕ್ಟಿಕಲ್ ಪರೀಕ್ಷೆ. ಫ್ಲಾಸ್ಕಿನಲ್ಲಿ ಬಣ್ಣವಿಲ್ಲದ ದ್ರಾವಣ, ಮೇಲೆ ಸ್ಟ್ಯಾಂಡಿನಲ್ಲಿ ಬ್ಯುರೆಟ್. ಅಂದರೆ ಅಳತೆ ಗೆರೆಗಳಿರುವ ಉದ್ದ ಗಾಜಿನ ನಳಿಗೆ, ಕೆಳಗೆ ಪುಟ್ಟ ನಲ್ಲಿ. ಅದರಿಂದ ತೊಟ್ಟು ತೊಟ್ಟಾಗಿ ಬಿಡಬೇಕು. ದ್ರಾವಣ ಗುಲಾಬಿಯಾದಾಗ ನಿಲ್ಲಿಸಬೇಕು. ಎಷ್ಟು ಖರ್ಚಾಯಿತು, ಬರೆಯಬೇಕು. ಮೂರು ಸಲ. ಅಷ್ಟೇ.

ನಮ್ಮ ಶಾಲೆಯಲ್ಲಿ ಅಷ್ಟೂ ಇರಲಿಲ್ಲ. ಲ್ಯಾಬ್ ಅಟೆಂಡರ್ ನೀರು ತುಂಬುವ ನೆಪದಲ್ಲಿ ಬೆಂಚಿನಿಂದ ಬೆಂಚಿಗೆ ಹೋಗಿ ಕಿವಿಯಲ್ಲಿ ಹೇಳುತ್ತಿದ್ದ. “ಹನ್ನೆರಡು ಪಾಯಿಂಟ್ ನಾಲ್ಕು. ಹನ್ನೆರಡು ಪಾಯಿಂಟ್ ನಾಲ್ಕು.” ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಜಾಣರು ಒಂದು ಕಡೆ ಹನ್ನೆರಡು ಪಾಯಿಂಟ್ ಐದು ಅಂತ ಹಾಕುತ್ತಿದ್ದರು, ನಿಜ ಅನಿಸಲಿ ಅಂತ.

ನನಗೆ ಬಂದದ್ದು ಹದಿನಾಲ್ಕು ಪಾಯಿಂಟ್ ಒಂದು. ಎರಡನೇ ಸಲ ಹದಿನಾಲ್ಕು ಪಾಯಿಂಟ್ ಮೂರು. ಮತ್ತೆ ಹದಿನಾಲ್ಕು ಪಾಯಿಂಟ್ ಒಂದು. ಬಂದದ್ದನ್ನೇ ಬರೆದೆ. ಮೇಡಂ ಬಂದರು. ಹಾಳೆ ನೋಡಿದರು. ತಿದ್ದು ಅಂದರು. ತಿದ್ದುವುದಿಲ್ಲ ಅಂದೆ. ಎಲ್ಲರೂ ನೋಡುತ್ತಿದ್ದರು. ಏಪ್ರನ್ ಬಿಚ್ಚಿ ಬೆಂಚಿನ ಮೇಲಿಟ್ಟು ಹೊರಗೆ ಬಂದವಳು ಮತ್ತೆ ಆ ಶಾಲೆಗೆ ಹೋಗಲಿಲ್ಲ. ಆಮೇಲೆ ಈ ಕೆಲಸ ಹಿಡಿದೆ. ಬರೆಯುವ ಪರೀಕ್ಷೆಗಳನ್ನು ಹೋದ ವರ್ಷ ಖಾಸಗಿಯಾಗಿ ಕಟ್ಟಿ ಪಾಸು ಮಾಡಿದೆ. ಪ್ರಾಕ್ಟಿಕಲ್ ಗ್ರೇಡ್ ಮಾತ್ರ ಹಳೇ ಶಾಲೆಯದ್ದೇ ಉಳಿಯಿತು.

ಸುಳ್ಳು ಬರೆದ ಮೂವತ್ತೇಳು ಜನಕ್ಕೆ ಎ. ನಿಜ ಬರೆದವಳಿಗೆ ಇ.

ನೂರಾ ತೊಂಬತ್ತೆಂಟು ಪದ ಆಯಿತು. ಕೊನೆ ಸಾಲು: “ಈ ಗ್ರೇಡಿನ ಬಗ್ಗೆ ನನಗೆ ನಾಚಿಕೆ ಇಲ್ಲ.” ಓದಿಕೊಂಡಾಗ ಮೈ ಬಿಸಿಯಾಯಿತು.

ಒಂದೇ ತೊಡಕು. ಸಹಿ ಹಾಕಬೇಕಾದವರು ಅದೇ ಮೇಡಂ.

ಜೂನ್ 8, ಶನಿವಾರ. ಸಂಜೆ 6.30

ಮನೆಯಲ್ಲಿ ಏನೋ ನಡೆದಿದೆ.

ಬಾಗಿಲು ತೆರೆದೆ. ಅಮ್ಮ, ಅಣ್ಣ, ಅಜ್ಜಿ ಅಡುಗೆಮನೆಯಲ್ಲಿ. ಮಾತು ಥಟ್ಟನೆ ನಿಂತಿತು. ಅಮ್ಮ ಸೆರಗಿನಡಿ ಏನೋ ಮುಚ್ಚಿದಳು. ಅಣ್ಣ ಇದ್ದಕ್ಕಿದ್ದ ಹಾಗೆ, “ಇವತ್ತು ಸೆಕೆ ಜಾಸ್ತಿ ಅಲ್ವಾ?” ಅಂದ. ಅಣ್ಣ ಯಾವತ್ತೂ ಸೆಕೆ ಬಗ್ಗೆ ಮಾತಾಡಿದವನಲ್ಲ.

“ಏನು ಗುಸುಗುಸು?”

“ಬಂದಳಪ್ಪ ಪತ್ತೇದಾರಿ” ಅಂದ. “ನಿನ್ನ ಮದುವೆ ಮಾತು. ಹುಡುಗ ಸುಳ್ಳುಗಾರ, ಬೇಡ ಅಂತೀಯ ಅಂತ ಕೈ ಬಿಟ್ವಿ.”

ಅಜ್ಜಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಅಜ್ಜಿ ಬಾಯಿ ಮುಚ್ಚಿ ನಗುವವಳಲ್ಲ. ಹೊಸ ಹಲ್ಲು ಬಂದಮೇಲಂತೂ ಬೀದಿಗೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ‘ನನ್ನ ಮೊಮ್ಮಗಳು ಕಟ್ಟಿದ್ದು’ ಅಂತ ಹಾಲಿನವನಿಗೂ ತೆಗೆದು ತೋರಿಸಿದ್ದಳು. ಏಪ್ರಿಲ್‌ನಲ್ಲಿ ಕಟ್ಟಿದ್ದು. ಮೊದಲಿನಿಂದ ಕೊನೆವರೆಗೆ ನಾನೊಬ್ಬಳೇ ಮಾಡಿದ ಮೊದಲ ಫುಲ್ ಸೆಟ್. ಅರ್ಜಿಯ ಜೊತೆ ಅದರ ಫೋಟೋ ಇಡಬೇಕು ಅಂತಿದ್ದೇನೆ.

ಮೂವರೂ ಸೇರಿ ನನ್ನ ಹೆಸರಲ್ಲಿ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸುತ್ತಿದ್ದಾರೆ. ಬೇರೆ ಏನಿರಲು ಸಾಧ್ಯ?

ಜೂನ್ 9, ಭಾನುವಾರ

ಅಣ್ಣನ ಚೀಲ ನೋಡಲಿಲ್ಲ. ನೋಡಬೇಕು ಅಂತ ಕೈ ತುರಿಸಿತು. ನೇರವಾಗಿ ಕೇಳಿದೆ. “ಸರ್ಟಿಫಿಕೇಟ್ ಮಾಡಿಸಿದೀಯಾ?”

ಅವನು ನಿಜವಾಗಿ ಬೆಚ್ಚಿದ. “ಯಾವ ಸರ್ಟಿಫಿಕೇಟು?”

“ಮತ್ತೆ ನಿನ್ನೆ ಏನು ಮುಚ್ಚಿಟ್ರಿ?”

“ನೋಡು, ನೀನು ನನ್ನ ತಂಗಿ ಅಂತ ಸುಮ್ಮನಿದೀನಿ. ಪೊಲೀಸ್ ಆಗಿದ್ರೆ ಲಂಚ ಕೊಟ್ಟು ಕಳಿಸ್ತಿದ್ದೆ.”

ಮಾತು ತೇಲಿಸಿದ. ಕಣ್ಣು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಜೂನ್ 12, ಬುಧವಾರ. 4 ಗಂಟೆ

ಯಜಮಾನರು ಶಿಫಾರಸು ಪತ್ರ ಕೊಟ್ಟರು. ಅಂಟು ಹಚ್ಚಿದ ಕವರು. ಅಂಟಿದ ಜಾಗದ ಮೇಲೆ ಅಡ್ಡ ಸಹಿ. ಸಂದರ್ಶನಕ್ಕೆ ಕರೆದರೆ ಒಯ್ಯಬೇಕಂತೆ.

“ಏನು ಬರೆದಿದೀರಿ?”

“ಅವರು ಕೇಳಿದ್ದನ್ನ.”

“ಒಳ್ಳೇದಾ ಕೆಟ್ಟದ್ದಾ?”

“ಅಮ್ಮಾ ತಾಯಿ, ಅದಕ್ಕೇ ಅಂಟಿಸಿರೋದು.”

ಹಲ್ಲಿಲ್ಲದ ಜಾಗದಿಂದ ಗಾಳಿ ಬಿಟ್ಟುಕೊಂಡು ನಕ್ಕರು. ಒಳ್ಳೆಯದನ್ನೇ ಬರೆದಿದ್ದರೆ ಅಡ್ಡ ಸಹಿ ಯಾಕೆ? ಕವರು ಬೆಳಕಿಗೆ ಹಿಡಿದೆ. ದಪ್ಪ ಕಾಗದ. ಏನೂ ಕಾಣುವುದಿಲ್ಲ. ತೆರೆಯುವುದಿಲ್ಲ. ಆದರೆ ನಂಬುವುದೂ ಇಲ್ಲ.

“ನಿಮ್ಮ ಅಜ್ಜಿ ಸೆಟ್ ಹೇಗಿದೆ?” ಹೊರಡುವಾಗ ಕೇಳಿದರು. ಇದು ನಾಲ್ಕನೇ ಸಲ. ಚೆನ್ನಾಗಿದೆ ಅಂದೆ. “ಒಂದಿನ ತಗೊಂಡು ಬಾ” ಅಂದರು. ಚೆನ್ನಾಗಿರುವುದನ್ನು ಯಾಕೆ ತರಬೇಕು?

ಜೂನ್ 13, ಗುರುವಾರ. ಮಧ್ಯಾಹ್ನ 1.15

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಮೂರು ವರ್ಷದ ಮೇಲೆ. ಗೇಟಿನ ಬಣ್ಣ ಬದಲಾಗಿದೆ, ಕೀಲಿನ ಕಿರುಗುಟ್ಟು ಅದೇ.

ಲ್ಯಾಬಿನ ಬಾಗಿಲಲ್ಲಿ ಅದೇ ಅಟೆಂಡರ್. ಕೈಯಲ್ಲಿ ಅದೇ ನೀರಿನ ಜಗ್ಗು. ದೂರದಿಂದಲೇ ಕೂಗಿದ, “ಓಹೋ! ಹದಿನಾಲ್ಕು ಪಾಯಿಂಟ್ ಒಂದು ಬಂತು!”

ಶಾಲೆಯಲ್ಲಿ ನನ್ನ ಹೆಸರು ಅದೇ ಆಗಿದೆಯಂತೆ. ಹೊಸ ಮಕ್ಕಳಿಗೂ ಗೊತ್ತಂತೆ. ಯಾರಾದರೂ ಹೇಳಿದ ಮಾತು ಕೇಳದಿದ್ದರೆ, ‘ಏನೇ, ಹದಿನಾಲ್ಕು ಪಾಯಿಂಟ್ ಒಂದು ಆಗ್ತೀಯಾ?’ ಅನ್ನುತ್ತಾರಂತೆ. ಇದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೈಗುಳ ಅಂದುಕೊಳ್ಳಬೇಕೋ ತಿಳಿಯಲಿಲ್ಲ.

ಮೇಡಂ ಇರಲಿಲ್ಲ. ಸೋಮವಾರ ಬಾ ಅಂದ. “ನೀನು ಬರ್ತೀಯ ಅಂತ ಮೇಡಂ ಹೇಳ್ತಾನೇ ಇದ್ರು” ಅಂತಲೂ ಸೇರಿಸಿದ.

ನಾನು ಬರುತ್ತೇನೆ ಅಂತ ಅವರಿಗೆ ಯಾರು ಹೇಳಿದರು?

ಜೂನ್ 17, ಸೋಮವಾರ. ಸಂಜೆ 5

ಸಿಟ್ಟು ಇನ್ನೂ ಇಳಿದಿಲ್ಲ. ಒಂದೊಂದಾಗಿ ಬರೆಯುತ್ತೇನೆ.

ಸ್ಟಾಫ್ ರೂಮು. ಮೇಡಂ ಒಬ್ಬರೇ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ನನ್ನ ಪತ್ರ ಮುಂದಿಟ್ಟೆ. ಇನ್ನೂರು ಪದಕ್ಕೆ ಐದು ನಿಮಿಷ ತೆಗೆದುಕೊಂಡರು. ಸಿಟ್ಟು ಬರುತ್ತದೆ ಅಂತ ಕಾದೆ. ಬರಲಿಲ್ಲ. ಅದೇ ಅನುಮಾನಕ್ಕೆ ಮೊದಲ ಕಾರಣ.

ಎದ್ದು ಬೀರು ತೆಗೆದರು. ಹಾಳೆಗಳ ಕಟ್ಟು. “ಮೂರು ವರ್ಷ ಇಡಬೇಕು ಅಂತ ನಿಯಮ. ಮುಂದಿನ ತಿಂಗಳು ರದ್ದಿಗೆ ಹೋಗ್ತಿತ್ತು. ನಿಂದು ಒಂದನ್ನ ತೆಗೆದಿಡೋಣ ಅಂತಿದ್ದೆ.”

ನನ್ನ ಹಾಳೆ. ನನ್ನ ಅಕ್ಷರ. ಪಕ್ಕದ ಅಂಚಿನಲ್ಲಿ ಕೆಂಪು ಶಾಯಿ: “ಬಣ್ಣ ಬಹಳ ಗಾಢ. ನಿಲ್ಲಿಸಬೇಕಾದ ಹಂತ ಮೀರಿದೆ. ಮತ್ತೆ ಮಾಡಲು ಹೇಳಿದೆ. ಒಪ್ಪಲಿಲ್ಲ.”

“ನೀವು ತಿದ್ದು ಅಂದ್ರಿ” ಅಂದೆ.

“ಮತ್ತೆ ಮಾಡು ಅಂದೆ.”

“ಹನ್ನೆರಡು ಪಾಯಿಂಟ್ ನಾಲ್ಕು ಬರೀಲಿ ಅಂತ.”

“ತಿಳಿ ಗುಲಾಬಿ ಬಂದ ತಕ್ಷಣ ನಿಲ್ಲಿಸಲಿ ಅಂತ. ನಿನ್ನ ಫ್ಲಾಸ್ಕ್ ನಾನು ನೋಡಿದೆನಮ್ಮ. ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಿತ್ತು. ಮೂರೂ.”

“ಅಟೆಂಡರ್ ಎಲ್ಲರ ಕಿವೀಲೂ ಹೇಳ್ತಿದ್ದದ್ದು ನಿಮಗೆ ಗೊತ್ತಿತ್ತಾ?”

ಕನ್ನಡಕ ತೆಗೆದರು. ದಾರದಲ್ಲಿ ಜೋತುಬಿತ್ತು.

“ಗೊತ್ತಿತ್ತು. ಮೂವತ್ತೆಂಟು ಮಕ್ಕಳು. ಆರು ಬ್ಯುರೆಟ್ಟು, ಅದರಲ್ಲಿ ಎರಡು ಸೋರ್ತಿದ್ವು. ಒಂದೂವರೆ ಗಂಟೆ. ಗೊತ್ತಿದ್ದೂ ಕಿಟಕಿ ಕಡೆ ನೋಡ್ತಿದ್ದೆ.”

“ಅವರಿಗೆ ಎ.”

“ಹೂಂ. ಅವರ ಹಾಳೇಲಿ ತಿದ್ದೋಕೆ ಏನಿತ್ತು? ನಾವೇ ಹೇಳಿದ್ದು, ಅವರು ಬರೆದಿದ್ದು. ನಾನು ನಿಜವಾಗಿ ತಿದ್ದಿದ್ದು ನಿನ್ನದೊಂದೇ.”

“ಸಹಿ ಬೇಕಾದ್ರೆ ಈಗಲೇ ಹಾಕ್ತೀನಿ, ನೀನು ಬರೆದದ್ದರಲ್ಲಿ ಅರ್ಧ ನಿಜ ಇದೆ” ಅಂದರು. ಅರ್ಧ! ಹಾಳೆ ಕಸಿದುಕೊಂಡ ಹಾಗೆ ತೆಗೆದುಕೊಂಡು ಬಂದೆ.

ಬಸ್ಸಿನಲ್ಲಿ ಹೊಳೆಯಿತು. ಆ ಕೆಂಪು ಶಾಯಿ ಮೂರು ವರ್ಷದ್ದಲ್ಲ. ಅಷ್ಟು ಕೆಂಪಾಗಿ ಇರುವುದಿಲ್ಲ. ನಾನು ಗುರುವಾರ ಬಂದದ್ದು ಅಟೆಂಡರ್ ಹೇಳಿದ್ದಾನೆ. ನಾಲ್ಕು ದಿನ ಸಿಕ್ಕಿದೆ. ಬರೆದಿಟ್ಟಿದ್ದಾರೆ.

ಹೌದು. ಬರೆದಿಟ್ಟಿದ್ದಾರೆ.

ಜೂನ್ 20, ಗುರುವಾರ. ಬೆಳಿಗ್ಗೆ 7

ಎರಡು ದಿನ ಬರೆಯಲಿಲ್ಲ. ಬರೆಯಲು ಕೂತರೆ ಶಾಯಿಯ ಬಣ್ಣವೇ ಕಣ್ಣಿಗೆ ಬರುತ್ತಿತ್ತು. ಅದಿರಲಿ. ಈಗ ಬೇರೆಯೇ ಆಗಿದೆ.

ಅಜ್ಜಿ ಹಿತ್ತಲಲ್ಲಿ ಕೂತಿದ್ದಳು. ನಾನು ಬಟ್ಟೆ ತೆಗೆಯಲು ಹೋದೆ, ಚಪ್ಪಲಿ ಇಲ್ಲದೆ. ಅವಳಿಗೆ ಸದ್ದು ಕೇಳಲಿಲ್ಲ. ಮಡಿಲಲ್ಲಿ ಕರವಸ್ತ್ರ. ಕರವಸ್ತ್ರದಲ್ಲಿ ಹಲ್ಲಿನ ಸೆಟ್. ಕೈಯಲ್ಲಿ ಸೇಬು ತುರಿದ ಬಟ್ಟಲು. ತುರಿದದ್ದು! ಒಸಡಿನಲ್ಲಿ ಒತ್ತಿ ಒತ್ತಿ ತಿನ್ನುತ್ತಿದ್ದಳು.

“ಅಜ್ಜಿ.”

ಕರವಸ್ತ್ರ ಮುಚ್ಚಿದಳು. ತಡವಾಗಿತ್ತು.

“ಯಾವಾಗಿಂದ?”

“ಸೇಬು ಗಟ್ಟಿ ಇತ್ತು ಪುಟ್ಟಿ, ಅದಕ್ಕೆ—”

“ಯಾವಾಗಿಂದ?”

ಅಮ್ಮ ಬಾಗಿಲಿಗೆ ಬಂದಳು. ಹಿಂದೆ ಅಣ್ಣ, ಬಾಯಲ್ಲಿ ಬ್ರಷ್ಷು. ಮೂವರ ಮುಖವೂ ಒಂದೇ ಹಾಗೆ. ಸರ್ಟಿಫಿಕೇಟಲ್ಲ. ಇದು. ಇಷ್ಟು ದಿನ ಸೆರಗಿನಡಿ ಇದ್ದದ್ದು ತುರಿಯುವ ಮಣೆ.

“ಏಪ್ರಿಲ್ ಇಂದ” ಅಂದಳು ಅಮ್ಮ. “ಎಡಗಡೆ ಕಚ್ಚೋದೇ ಇಲ್ವಂತೆ. ಮೇಲಿಂದು ಕೆಳಗಿಂದು ಸೇರಲ್ಲ. ನಗೋಕೆ, ಮಾತಾಡೋಕೆ ಚೆನ್ನಾಗಿದೆ. ತಿನ್ನೋಕಾಗಲ್ಲ.”

“ಯಾಕೆ ಹೇಳಲಿಲ್ಲ?”

ಅಜ್ಜಿ ನನ್ನನ್ನೇ ನೋಡಿದಳು. ಹಲ್ಲಿಲ್ಲದ ಮುಖ ತೀರಾ ಚಿಕ್ಕದು.

“ಹೇಳಿದ್ರೆ ನೀನು ತಗೊಂಡು ಹೋಗಿ ಇನ್ನೂ ತೇಯ್ತೀಯ ಅಂತ ಹೆದರಿಕೆ ಆಯ್ತು ಕಣೇ.”

ಅಣ್ಣ ಬ್ರಷ್ಷು ಕಚ್ಚಿಕೊಂಡೇ ನಕ್ಕ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ.

ಅದೇ ದಿನ, ಸಂಜೆ 4.30

ಸೆಟ್ ಯಜಮಾನರ ಮುಂದಿಟ್ಟೆ. ಯಾರ ಹೆಸರೂ ಹೇಳಲಿಲ್ಲ. ಕಚ್ಚುವುದಿಲ್ಲ ಅಂದೆ.

ಬರೆದಿಟ್ಟುಕೊಳ್ಳಬೇಕು, ಮುಂದೆ ನನಗೇ ಮರೆಯದ ಹಾಗೆ. ಕಟ್ಟಿದ ಹಲ್ಲನ್ನು ಕೀಲಿರುವ ಕಬ್ಬಿಣದ ದವಡೆಯಲ್ಲಿ ಕೂರಿಸಿ, ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಎಲ್ಲಿ ಹಲ್ಲು ಎತ್ತರವಾಗಿದೆಯೋ ಅಲ್ಲಿ ದಟ್ಟ ನೀಲಿ ಕೂರುತ್ತದೆ. ಅದನ್ನು ಉಜ್ಜಿ ತಗ್ಗಿಸಬೇಕು. ಎಲ್ಲ ಹಲ್ಲಿನ ಮೇಲೂ ಸಮನಾಗಿ ತಿಳಿ ನೀಲಿ ಬಂದರೆ ಕೆಲಸ ಮುಗಿಯಿತು.

ಅಜ್ಜಿಯ ಸೆಟ್ಟಿನ ಎಡಗಡೆ ಕಾಗದ ಇಟ್ಟು ಕಚ್ಚಿಸಿದರು. ಕಾಗದ ಎಳೆದರು. ಸಲೀಸಾಗಿ ಬಂದುಬಿಟ್ಟಿತು. ಹಲ್ಲಿನ ಮೇಲೆ ನೀಲಿಯ ಚುಕ್ಕೆಯೂ ಇಲ್ಲ. ಬೆಳ್ಳಗೆ, ಚೊಕ್ಕಟವಾಗಿ.

“ಏಪ್ರಿಲ್‌ನಲ್ಲಿ ನಾನು ನೋಡಿದಾಗ ಸರಿ ಇತ್ತು. ಸಾಕು ಅಂದಿದ್ದೆ.”

“ಎಡಗಡೆ ತಿಳಿ ನೀಲಿ ಇನ್ನೂ ಇತ್ತು” ಅಂದೆ. “ಊಟದ ಹೊತ್ತಲ್ಲಿ ಇನ್ನೊಂದು ಸಲ ನೋಡಿದೆ.”

“ನೋಡಿದೆಯೋ ಉಜ್ಜಿದೆಯೋ?”

“ಉಜ್ಜಿದೆ. ಪೂರ್ತಿ ಹೋಗೋವರೆಗೆ.”

“ಯಾಕಮ್ಮ? ಸಾಕು ಅಂದೆನಲ್ಲ.”

“ನೀವು ನನ್ನ ಮನಸ್ಸು ಸಮಾಧಾನ ಮಾಡೋಕೆ ಹೇಳ್ತಿದೀರಿ ಅನಿಸ್ತು.”

ಬಯ್ಯಲಿಲ್ಲ. ನೀಲಿ ಕಾಗದ ಮಡಚಿ ಡಬ್ಬಿಗೆ ಹಾಕಿದರು. “ಆ ತಿಳಿ ನೀಲಿ ಅಂದ್ರೆ ಹಲ್ಲು ಹಲ್ಲು ಮುಟ್ಟಿದೆ ಅಂತ. ಅದನ್ನೂ ಅಳಿಸಿದರೆ ಇನ್ನೇನು ಉಳೀತು? ಬೇರೆ ಇಬ್ಬರಿಗೆ ಇನ್ನೂ ಸ್ವಲ್ಪ ಉಜ್ಜಿ ಅಂತ ದಿನಾ ಬಾಯಿ ಬಡ್ಕೋತೀನಿ. ನಿನ್ನ ಅಚ್ಚು ಯಾಕೆ ಮೊದಲು ನೋಡ್ತೀನಿ ಗೊತ್ತಾ? ತಡ ಮಾಡಿದರೆ ಅಚ್ಚೇ ಇರಲ್ಲ.”

ಉಳಿದಿಬ್ಬರೂ ನಕ್ಕರು. ನಾನೂ ನಗಲು ನೋಡಿದೆ.

ಅಷ್ಟರಲ್ಲಿ ಕೈ ನೆನಪಾಯಿತು. ನನ್ನದೇ ಕೈ. ಮೂರು ವರ್ಷದ ಹಿಂದಿನದ್ದು. ಬ್ಯುರೆಟ್ಟಿನ ನಲ್ಲಿಯ ಮೇಲೆ. ಫ್ಲಾಸ್ಕಿನಲ್ಲಿ ಗುಲಾಬಿ ಬಂದಿತ್ತು. ಬಂದಿತ್ತು! ತೀರ ತೆಳು, ಬಿಳಿ ಹಾಳೆಯ ಮೇಲಿಟ್ಟರೆ ಕಾಣುವಷ್ಟು. ಅದನ್ನು ನೋಡಿ ನಾನು ಅಂದುಕೊಂಡದ್ದೂ ನೆನಪಿದೆ. ಇದು ಅವರು ಹೇಳಿದ ಹನ್ನೆರಡು ಪಾಯಿಂಟ್ ನಾಲ್ಕರ ಹತ್ತಿರವೇ ಬಂದಿದೆ, ಇದರಲ್ಲೇನೋ ಮೋಸ ಇದೆ... ಇನ್ನೂ ಬಿಡೋಣ. ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಕೆಂಪಾಗಲಿ.

ಬಿಟ್ಟೆ. ಮೂರು ಸಲವೂ.

ಬಂದದ್ದನ್ನು ಬರೆದೆ ಅನ್ನುವುದು ನಿಜ. ಬರುವ ಹಾಗೆ ಮಾಡಿದವಳೂ ನಾನೇ.

ಜೂನ್ 21, ಶುಕ್ರವಾರ. ಬೆಳಿಗ್ಗೆ

ಇನ್ನೊಂದು. ಮೇಡಂ ‘ತಿದ್ದು’ ಅನ್ನಲಿಲ್ಲ. ನಿನ್ನೆಯಿಂದ ಕಿವಿಯಲ್ಲಿ ಅವರ ದನಿ ಮತ್ತೆ ಮತ್ತೆ ಹಾಕಿ ಕೇಳಿದೆ. “ಇನ್ನೊಂದು ಸಲ ಮಾಡಮ್ಮ, ಹೊತ್ತಿದೆ” ಅಂದಿದ್ದರು. ಹೊತ್ತಿದೆ ಅಂತಲೂ ಅಂದಿದ್ದರು. ಮೊದಲ ಸಲ ಅಮ್ಮನ ಹತ್ತಿರ ಹೇಳಿಕೊಳ್ಳುವಾಗ ‘ತಿದ್ದು ಅಂದರು’ ಅಂದೆ. ಆಮೇಲೆ ಅಣ್ಣನ ಹತ್ತಿರ. ಆಮೇಲೆ ಅದೇ ನಿಂತುಬಿಟ್ಟಿತು. ಈ ಡೈರಿಯಲ್ಲೂ ಹಾಗೇ ಬರೆದಿದ್ದೇನೆ, ಆರನೇ ತಾರೀಖು ನೋಡಿದೆ. ಹೊಡೆದು ಹಾಕಬೇಕು ಅನಿಸಿತು. ಹಾಗೇ ಬಿಟ್ಟಿದ್ದೇನೆ.

ಮೂರು ವರ್ಷ ಊರೆಲ್ಲ ಸುಳ್ಳುಗಾರರು ಅಂತ ಬೆರಳು ತೋರಿಸಿಕೊಂಡು ಓಡಾಡಿದೆ. ಮುಖ ತೊಳೆಯುವಾಗ ಕನ್ನಡಿ ನೋಡಲಿಲ್ಲ ಇವತ್ತು.

ಶಾಯಿ? ಶಾಯಿ ಹಳೆಯದೇ. ಕತ್ತಲೆ ಬೀರುವಿನಲ್ಲಿ ಮುಚ್ಚಿಟ್ಟ ಹಾಳೆ ಯಾಕೆ ಮಾಸುತ್ತದೆ?

ಜೂನ್ 23, ಭಾನುವಾರ. ಮಧ್ಯಾಹ್ನ

ಹೊಸ ಪತ್ರ. ಹರಿದು ಹರಿದು ಐದನೆಯದು. ನಕಲು ಇಲ್ಲಿ:

“ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ನನಗೆ ಇ ಬಂದಿದೆ. ನನಗೆ ಕಾಯಿಲೆ ಇರಲಿಲ್ಲ. ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ದ್ರಾವಣ ತಿಳಿ ಗುಲಾಬಿಯಾದ ಕೂಡಲೇ ನಿಲ್ಲಿಸಬೇಕಿತ್ತು. ನನಗೆ ನಂಬಿಕೆ ಬರಲಿಲ್ಲ. ಕೆಂಪಾಗುವವರೆಗೆ ಬಿಟ್ಟೆ. ಉತ್ತರ ತಪ್ಪಾಯಿತು. ಮತ್ತೆ ಮಾಡಲು ಶಿಕ್ಷಕಿ ಹೇಳಿದರು. ಮಾಡದೆ ಶಾಲೆ ಬಿಟ್ಟೆ. ತಪ್ಪು ಅವರದ್ದು ಅಂತ ಮೂರು ವರ್ಷ ಅಂದುಕೊಂಡಿದ್ದೆ. ಈಗ ಹಲ್ಲು ಕಟ್ಟುವ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜಿಗೆ ಕಟ್ಟಿದ ಸೆಟ್ಟಿನಲ್ಲೂ ಇದೇ ತಪ್ಪು ಮಾಡಿದ್ದೇನೆ. ಯಜಮಾನರು ಸಾಕು ಅಂದಮೇಲೂ ಉಜ್ಜಿದೆ. ಅಜ್ಜಿ ಎರಡು ತಿಂಗಳಿಂದ ಎಡಗಡೆ ಅಗಿಯಲಾಗದೆ ಇದ್ದಾರೆ. ಅದು ಗೊತ್ತಾದ ಮೇಲೆ ಈ ಗ್ರೇಡಿನ ಕಾರಣ ಗೊತ್ತಾಯಿತು. ಅಜ್ಜಿಯ ಸೆಟ್ ಮತ್ತೆ ಕಟ್ಟುತ್ತಿದ್ದೇನೆ.”

ಅಣ್ಣ ಓದಿದ. ಎರಡು ಸಲ.

“ಇದು ಅರ್ಜಿನಾ, ತಪ್ಪೊಪ್ಪಿಗೆನಾ? ಹಲ್ಲು ಕಟ್ಟೋ ಕಾಲೇಜಿಗೆ ಹೋಗಿ, ನಾನು ಕಟ್ಟಿದ ಹಲ್ಲು ಕಚ್ಚಲ್ಲ ಅಂತ ಬರೀತಾರೇನೇ? ಸೇರಿಸ್ಕೋತಾರಾ?”

“ಗೊತ್ತಿಲ್ಲ.”

“ಅಜ್ಜಿ, ನೀನಾದ್ರೂ ಹೇಳು.”

ಅಜ್ಜಿ ಕೇಳಿಸಿಕೊಂಡು ಕೂತಿದ್ದಳು. “ನಾನು ಸತ್ತಿಲ್ಲ ಅಂತ ಬರೆದಿದಾಳಲ್ಲ” ಅಂದಳು. “ನಂಗೆ ಅಷ್ಟು ಸಾಕು.”

ಫೋಟೋ ಇಡುವುದಿಲ್ಲ.

ಜೂನ್ 24, ಸೋಮವಾರ. ಬೆಳಿಗ್ಗೆ 11.20

ಸ್ಟಾಫ್ ರೂಮಿನ ಹೊರಗಿನ ಬೆಂಚು. ಮೇಡಂ ಓದಿದರು. ಈ ಸಲ ಬೇಗ. ಪೆನ್ನು ತೆಗೆದವರು ಮತ್ತೆ ಮುಚ್ಚಿದರು.

“ಅಟೆಂಡರ್ ವಿಷಯ ಬಿಟ್ಟಿದೀಯಲ್ಲ. ಮೊದಲಿನದರಲ್ಲಿತ್ತು.”

“ಹೂಂ.”

“ನನಗೋಸ್ಕರ ಬಿಟ್ಟಿದ್ರೆ ಸೇರಿಸು. ನಡೆದದ್ದೇ ತಾನೆ. ಸಹಿ ಹಾಕ್ತೀನಿ.”

ಸೇರಿಸಬೇಕು ಅಂತ ಬೆಳಿಗ್ಗೆಯಿಂದ ನನಗೂ ಕೈ ಎಳೆಯುತ್ತಿತ್ತು. ಒಂದೇ ಸಾಲು. ಪದಗಳೂ ಉಳಿದಿದ್ದವು. ನಿಜವೂ ಹೌದು. ಆದರೆ ಅದು ಅವರೆಲ್ಲರ ಎ ಗ್ರೇಡಿಗೆ ಕಾರಣ. ನನ್ನ ಇ ಗೆ ಅಲ್ಲ.

“ಕಾಲಂನಲ್ಲಿ ಕೇಳಿರೋದು ನನ್ನ ಗ್ರೇಡು” ಅಂದೆ.

ಸಹಿ ಹಾಕಿದರು. ಕಾಗದ ಕೊಡುವಾಗ ಒಂದು ಕ್ಷಣ ಬಿಡಲಿಲ್ಲ. “ಈ ವರ್ಷದಿಂದ ಬ್ಯುರೆಟ್ಟು ಹನ್ನೆರಡು ಮಾಡಿಸಿದೀನಿ. ಪರೀಕ್ಷೆ ಹೊತ್ತಲ್ಲಿ ಜಗ್ಗು ಹಿಡ್ಕೊಂಡು ಓಡಾಡೋದು ನಿಲ್ಲಿಸಿದೀನಿ. ಹೇಳಬೇಕು ಅನಿಸ್ತು.”

ನಿಜವೇ? ಹೊರಗೆ ಬರುವಾಗ ಲ್ಯಾಬಿನ ಕಿಟಕಿಯಲ್ಲಿ ಬಗ್ಗಿ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಒಂದು ಕಂಬದ ಮರೆಗಿತ್ತು. ಹನ್ನೆರಡು.

ಹೋಗಿ ಅರ್ಜಿ ಪೆಟ್ಟಿಗೆಗೆ ಹಾಕಬೇಕು. ಐದರವರೆಗೆ ಸಮಯ.

ಜುಲೈ 9, ಮಂಗಳವಾರ. ಸಂಜೆ

ಕಾಲೇಜಿನಿಂದ ಫೋನು. ಹೆಂಗಸಿನ ದನಿ, ಏರಿಳಿತವಿಲ್ಲದ್ದು. “ನಿಮ್ಮ ವಿವರಣೆ ಓದಿದ್ದೇವೆ. ಗುರುವಾರ ಹತ್ತಕ್ಕೆ ಬನ್ನಿ. ಶಿಫಾರಸು ಕವರು ತನ್ನಿ. ಏಪ್ರನ್ ತನ್ನಿ.”

“ಏಪ್ರನ್ ಎಲ್ಲರೂ ತರಬೇಕಾ?”

“ನೀವು ತನ್ನಿ” ಅಂದು ಇಟ್ಟುಬಿಟ್ಟಳು.

ಓದಿದ್ದೇವೆ ಅಂದರೆ ಏನರ್ಥ? ನಗಲು ಕರೆಯುತ್ತಿದ್ದಾರೋ? ಅಣ್ಣನ ಪ್ರಕಾರ ಕಸ ಗುಡಿಸುವ ಕೆಲಸ ಖಾಲಿ ಇರಬೇಕು. ಅಮ್ಮ ಏಪ್ರನ್ ಒಗೆದು ಹಾಕಿದಳು.

ಅಜ್ಜಿಯ ಹೊಸ ಸೆಟ್ ನಿನ್ನೆ ಕೊಟ್ಟೆ. ಎರಡೂ ಕಡೆ ತಿಳಿ ನೀಲಿ ಉಳಿದಿತ್ತು. ಹಾಗೇ ಬಿಟ್ಟೆ. ಕೈಗೆ ಕೆಲಸವಿಲ್ಲದೆ ಹಿಂಸೆಯಾಗಿ ಹೊರಗೆ ಹೋಗಿ ಎರಡು ಸುತ್ತು ನಡೆದು ಬಂದೆ. ಅಜ್ಜಿ ಇವತ್ತು ಕಡಲೆಬೀಜ ತಿಂದಳು. ಕಟಕಟ ಅಂತ. ನನಗೆ ಕೇಳಿಸಲಿ ಅಂತ ಬೇಕೆಂದೇ ಜೋರಾಗಿ ಅಗಿದಳೇನೋ... ಅನುಮಾನ. ಬಾಯಿ ತೆಗಿ ಅನ್ನಲಿಲ್ಲ.

ಜುಲೈ 11, ಗುರುವಾರ. 10.35

ಕಾಲೇಜಿನ ಉದ್ದ ಓಣಿ. ಗೋಡೆಗೆ ಒರಗಿಸಿದ ಬೆಂಚು. ನನಗಿಂತ ಮುಂದೆ ಮೂವರಿದ್ದರು, ಈಗ ಒಬ್ಬ. ಕಾಮಾಲೆಯ ಕಾಗದ ಕೈಯಲ್ಲಿ ಹಿಡಿದು ಬಾಯಿಪಾಠ ಮಾಡುತ್ತಿದ್ದಾನೆ. ಯಾವ ಅಂಗಡಿಯದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಏಪ್ರನ್ ಇರುವುದು ನನ್ನ ಹತ್ತಿರ ಮಾತ್ರ.

ಕವರು ಚೀಲದಲ್ಲಿದೆ. ಅಂಟು ಅಂಟಿದ ಹಾಗೇ ಇದೆ. ಏನಾದರೂ ಬರೆದಿರಲಿ.

10.50

ಎದುರಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಯಾರೋ ಮೇಜು ಒರೆಸುತ್ತಿದ್ದಾರೆ. ಸ್ಟ್ಯಾಂಡ್ ತಂದಿಟ್ಟರು. ಉದ್ದ ಗಾಜಿನ ನಳಿಗೆ. ಫ್ಲಾಸ್ಕ್. ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ.

ಓಹೋ.

ಬಲೆ ಅನ್ನಲೇ? ನಾಲ್ಕು ಜನ ಸುತ್ತ ನಿಂತು ನೋಡುತ್ತಾರೆ. ಯಾರೂ ಕಿವಿಯಲ್ಲಿ ಬಂದು ಹೇಳುವುದಿಲ್ಲ. ಎಷ್ಟು ಬರಬೇಕು ಅಂತ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಎಷ್ಟು ಹಗುರ...

ಕಾಮಾಲೆ ಒಳಗೆ ಹೋಗಿ ಹೊರಗೆ ಬಂದ. ಎರಡೇ ನಿಮಿಷ.

ನನ್ನ ನಂಬರು. ಏಪ್ರನ್ ದಾರ ಕಟ್ಟಿಕೊಂಡೆ. ಮೊದಲ ತಿಳಿ ಬಣ್ಣ ಕಂಡ ಕೂಡಲೇ ಕೈ ನಿಲ್ಲಿಸಬೇಕು.